‘ಳ’ ಅಕ್ಷರಕ್ಕೆ ಹಾಡು ಎಲ್ಲಿದೆ?

ಮಲೆನಾಡಿನ ಶಾಲೆಗಳಲ್ಲಿ ಪಾಠ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಮೇಷ್ಟ್ರ ಗಂಟಲಿಗೆ ಬೆಲೆಯಿಲ್ಲ. ಹೆಂಚಿನ ಮೇಲೆ, ಜಗಲಿಗೆ ಇಳಿಸಿ ಹಾಕಿದ ತಗಡಿನ ಮೇಲೆ ಮಳೆ ಹೊಯ್ಯುವ ಸದ್ದಿನಲ್ಲಿ ‘ನ್ಯೂಟನ್ನನ ಮೂರನೆಯ ನಿಯಮ’ ಎಂದು ನಾನು ಕೂಗಿದರೆ ಮೊದಲ ಬೆಂಚಿನವನಿಗೆ ‘ನ್ಯೂಟನ್’ ಎಂಬುದು ಕೇಳಿಸುತ್ತದೆ. ಕೊನೆಯ ಬೆಂಚಿನವನಿಗೆ ನನ್ನ ಬಾಯಿ ಆಡುವುದಷ್ಟೇ ಕಾಣಿಸುತ್ತದೆ. ಕರೆಂಟು ಹೋಗಿ ಎರಡು ದಿನವಾಗಿರುತ್ತದೆ. ಕರಿಹಲಗೆಯ ಮೇಲೆ ಬರೆದದ್ದು ಬರೆದ ನನಗೇ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಮಕ್ಕಳು ಕೇಳುವುದು ಒಂದೇ: ‘ಸಾರ್, ಅಂತ್ಯಾಕ್ಷರಿ ಆಡೋಣ ಸಾರ್!’

ನಮ್ಮ ನೆಮ್ಮಾರು ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ಒಂದು ಕಡೆ ಕಾಡು, ಇನ್ನೊಂದು ಕಡೆ ತುಂಗೆ. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ಹೊಳೆ ಶೃಂಗೇರಿಯ ಶಾರದೆಯ ಪಾದ ಮುಟ್ಟುವುದಕ್ಕೆ ಮೊದಲೇ ನಮ್ಮನ್ನು ಹಾದು ಹೋಗುತ್ತದೆ. ಬೇಸಿಗೆಯಲ್ಲಿ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುವ ಇದೇ ಹೊಳೆ ಜುಲೈಯಲ್ಲಿ ಕೆಂಪಾಗಿ, ಮರದ ಬುಡಗಳನ್ನೇ ಹೊತ್ತುಕೊಂಡು ಓಡುತ್ತದೆ. ಕಾಲುಸಂಕ ಮುಳುಗಿದ ದಿನ ಅರ್ಧ ತರಗತಿ ಖಾಲಿ. ಬಂದ ಅರ್ಧದವರಿಗೆ ಪಾಠ ಮಾಡಿದರೆ ಬಾರದ ಅರ್ಧದವರಿಗೆ ಮತ್ತೆ ಮಾಡಬೇಕು. ಹೀಗಾಗಿ ಅಂತ್ಯಾಕ್ಷರಿ ನಮ್ಮ ಕಡೆ ಮಳೆಗಾಲದ ಅಘೋಷಿತ ಪಠ್ಯವಿಷಯ.

ಈ ಆಟದ ಬಗ್ಗೆ ನಾನು ಗಂಭೀರವಾಗಿ ಯೋಚಿಸಿದವನಲ್ಲ. ಯೋಚಿಸುವ ಹಾಗೆ ಮಾಡಿದ್ದು ಜಪಾನಿನಿಂದ ಬಂದ ಒಂದು ಫೋನು.

ಎರಡು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಭಾನುವಾರ. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದು, ಈಗ ನಗೋಯಾ ಎಂಬ ಊರಿನಲ್ಲಿ ಎಂಜಿನಿಯರಾಗಿರುವ ಹುಡುಗಿ ಫೋನು ಮಾಡಿದಳು. ಕ್ಷೇಮ ಸಮಾಚಾರ ಮುಗಿದ ಮೇಲೆ, ‘ಸಾರ್, ನಮ್ಮಲ್ಲಿ ಮಳೆ ಹಾಡು ಎಷ್ಟಿದಾವೆ ಸಾರ್?’ ಎಂದು ಕೇಳಿದಳು. ಬೆಳಕಿನ ವಕ್ರೀಭವನ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಇದಕ್ಕೆ ತಡವರಿಸಿದೆ.

ಅವಳ ಕಥೆ ಹೀಗೆ. ಆಫೀಸಿನವರೆಲ್ಲ ಸೇರಿ ವಾರದ ಕೊನೆಗೆ ಕರೋಕೆಗೆ ಹೋಗುತ್ತಾರಂತೆ. ಕರೋಕೆ ಈಗ ನಮ್ಮ ಕೊಪ್ಪ, ಶೃಂಗೇರಿಗಳ ಮದುವೆ ಮನೆಗೂ ಬಂದಿದೆ. ಹಾಡಿನ ಹಿಮ್ಮೇಳ ಮಾತ್ರ ಯಂತ್ರದಲ್ಲಿ ಬರುತ್ತದೆ, ಹಾಡುವವರು ನಾವು. ‘ಕರ’ ಎಂದರೆ ಜಪಾನಿ ಭಾಷೆಯಲ್ಲಿ ಖಾಲಿ. ‘ಓಕೆ’ ಎಂಬುದು ಆರ್ಕೆಸ್ಟ್ರಾ ಪದದ ಮೊಟಕು ರೂಪ. ಅಂದರೆ ಗಾಯಕನಿಲ್ಲದ ಖಾಲಿ ವಾದ್ಯಗೋಷ್ಠಿ. 1971ರಲ್ಲಿ ಕೋಬೆ ಊರಿನ ದೈಸುಕೆ ಇನೊವೆ ಎಂಬ ವಾದ್ಯಗಾರ ಇಂಥ ಯಂತ್ರವೊಂದನ್ನು ಮಾಡಿ ಬಾಡಿಗೆಗೆ ಕೊಟ್ಟ. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಕೋಟಿಗಟ್ಟಲೆ ಹಣ ಬೇರೆಯವರ ಪಾಲಾಯಿತು. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2004ರಲ್ಲಿ ಅವನಿಗೆ ಸಿಕ್ಕಿತು, ಅದೂ ಶಾಂತಿ ವಿಭಾಗದಲ್ಲಿ! ಒಬ್ಬರ ಹಾಡನ್ನು ಇನ್ನೊಬ್ಬರು ಸಹಿಸಿಕೊಳ್ಳುವುದನ್ನು ಜಗತ್ತಿಗೆ ಕಲಿಸಿದ ಎಂಬುದು ಕಾರಣ. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ದೈಹಿಕ ಶಿಕ್ಷಕರ ಮುಖ ನೋಡಿ ನಕ್ಕರು. ಅವರು ಪ್ರತಿ ಆಗಸ್ಟ್ 15ಕ್ಕೂ ಹಾಡುತ್ತಾರೆ.

ಜಪಾನಿನ ಮಕ್ಕಳಿಗೆ ಒಂದು ಪದದಾಟವಿದೆ, ಹೆಸರು ಶಿರಿತೊರಿ. ಒಬ್ಬ ‘ತೊರಿ’ ಅಂದರೆ, ಅಂದರೆ ಹಕ್ಕಿ, ಮುಂದಿನವನು ‘ರಿ’ಯಿಂದ ಹಿಡಿಯಬೇಕು. ‘ರಿಂಗೊ’ ಎನ್ನುತ್ತಾನೆ, ಸೇಬು. ಮೂರನೆಯವನು ‘ಗೊ’ದಿಂದ ಶುರುಮಾಡಿ ‘ಗೊಹಾನ್’ ಎಂದನೋ, ಸೋತ. ಗೊಹಾನ್ ಎಂದರೆ ಅನ್ನ. ಅನ್ನ ಎಂದದ್ದಕ್ಕೆ ಸೋತದ್ದಲ್ಲ; ‘ನ್’ ಎಂದು ಕೊನೆಗೊಂಡದ್ದಕ್ಕೆ. ಜಪಾನಿಯಲ್ಲಿ ಆ ‘ನ್’ ಒಂದು ಬಿಡಿ ಅಕ್ಷರ. ಅದರಿಂದ ಯಾವ ಪದವೂ ಆರಂಭವಾಗುವುದಿಲ್ಲ. ಮುಂದಿನವನಿಗೆ ದಾರಿ ಮುಚ್ಚಿದವನೇ ಸೋತವನು.

ನಮ್ಮ ಹುಡುಗಿಯ ಗೆಳೆಯರು ಶಿರಿತೊರಿಯನ್ನೂ ಕರೋಕೆಯನ್ನೂ ಬೆರೆಸಿ ಆಡುತ್ತಿದ್ದರು. ಹಿಂದಿನ ಹಾಡಿನ ಕೊನೆಯ ಅಕ್ಷರದಿಂದ ಮುಂದಿನ ಹಾಡು. ಜೊತೆಗೆ ಇನ್ನೊಂದು ಷರತ್ತು: ಹಾಡಿನಲ್ಲಿ ಈಗ ನಡೆಯುತ್ತಿರುವ ಋತುವಿನ ಒಂದು ಪದ ಇರಲೇಬೇಕು. ಷರತ್ತು ವಿಚಿತ್ರವೆನಿಸಬಹುದು, ಜಪಾನಿನಲ್ಲಿ ವಿಚಿತ್ರವಲ್ಲ. ಹೈಕು ಎಂಬ ಮೂರು ಸಾಲಿನ ಪದ್ಯಕ್ಕೂ ಅಲ್ಲಿ ಋತುಪದವೊಂದು ಬೇಕು. ಕಪ್ಪೆ ಎಂದರೆ ವಸಂತ, ಮಿಂಚುಹುಳ ಎಂದರೆ ಬೇಸಿಗೆ; ಇಂಥ ಪದಗಳ ಕೋಶಗಳೇ ಇವೆ. ಜೂನ್ ಅಲ್ಲಿಯೂ ಮಳೆಗಾಲ. ಆ ಮಳೆಯನ್ನು ಬರೆಯುವ ಎರಡು ಅಕ್ಷರಗಳಲ್ಲಿ ಒಂದಕ್ಕೆ ಪ್ಲಮ್ ಹಣ್ಣು, ಇನ್ನೊಂದಕ್ಕೆ ಮಳೆ ಎಂದರ್ಥ. ಹಣ್ಣು ಮಾಗುವಾಗ ಬರುವ ಮಳೆ. ನಮ್ಮ ಏಪ್ರಿಲ್ ಮಳೆಯನ್ನು ಮಾವಿನ ಮಳೆ ಎನ್ನುವುದಿಲ್ಲವೇ? ಕಾಫಿ ತೋಟದವರು ಹೂಮಳೆ ಎಂದು ಮುಗಿಲು ನೋಡುವುದಿಲ್ಲವೇ? ಹಾಗೆ.

ಸರದಿ ಬಂದಾಗ ಇವಳಿಗೆ ಜಪಾನಿ ಹಾಡು ತಿಳಿಯದೆ, ಅಕ್ಷರದ ನಿಯಮದಿಂದ ವಿನಾಯಿತಿ ಪಡೆದು, ಕನ್ನಡದ ಒಂದು ಮಳೆ ಹಾಡು ಹಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿ, ಇದರಲ್ಲಿ ಋತುಪದ ಯಾವುದು ಎಂದು ಕೇಳಿದರು. ‘ಮಳೆ’ ಅಂದಳು. ಜಪಾನಿಯರಿಗೆ ನಮ್ಮ ಲಕಾರ, ಳಕಾರ ಎರಡೂ ಇಲ್ಲ. ರಕಾರಕ್ಕೆ ಹತ್ತಿರದ ಒಂದೇ ಧ್ವನಿಯಲ್ಲಿ ಎಲ್ಲವನ್ನೂ ತೂಗಿಸುತ್ತಾರೆ. ‘ಎಷ್ಟು ಸಲ ಹೇಳಿಕೊಟ್ರೂ ಮರೆ, ಮರೆ ಅಂತಾರೆ ಸಾರ್’ ಎಂದು ನಕ್ಕಳು. ನಾನೂ ನಕ್ಕೆ. ಅವರು ಇನ್ನೊಂದು ಹಾಡು ಕೇಳಿದರಂತೆ. ಇವಳಿಗೆ ತೋಚಲಿಲ್ಲ. ಅದಕ್ಕೇ ಈ ಫೋನು.

ಫೋನಿಟ್ಟ ಮೇಲೆ ಕಾಗದ, ಪೆನ್ನು ಹಿಡಿದು ಕುಳಿತೆ. ಬೇಂದ್ರೆಯವರ ‘ಯುಗಾದಿ’ ನೆನಪಾಯಿತು. ಆ ಕವಿತೆ 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿಯವರ ಕಂಠದಿಂದ ಬಂದು ಮನೆಮನೆಯ ಹಾಡಾಯಿತು. ಆದರೆ ಅದು ವಸಂತದ್ದು. ಅವರ ಶ್ರಾವಣದ ಪದ್ಯಗಳಲ್ಲಿ ಮಳೆ ಇದೆ. ಅದು ಧಾರವಾಡದ ಮಳೆ. ನಿಸಾರ್ ಅಹಮದರ ‘ನಿತ್ಯೋತ್ಸವ’ದಲ್ಲಿ ನಮ್ಮ ತುಂಗೆಯೇ ಇದ್ದಾಳೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ಅದರ ಕ್ಯಾಸೆಟ್ ತಂದ ಮೇಲೆ ಅದನ್ನು ಹಾಡದ ಶಾಲಾ ವಾರ್ಷಿಕೋತ್ಸವವಿಲ್ಲ. 2006ರ ‘ಮುಂಗಾರು ಮಳೆ’ಯ ಹಾಡುಗಳು ಮಕ್ಕಳಿಗೆ ಈಗಲೂ ಬಾಯಿಪಾಠ. ಆದರೆ ಸಿನಿಮಾದ ಮಳೆ ಹೆಚ್ಚಾಗಿ ಹುಡುಗ ಹುಡುಗಿ ನೆನೆಯುವುದಕ್ಕೆಂದೇ ಬೀಳುವ ಮಳೆ. ಅದರಲ್ಲಿ ಗದ್ದೆಯಿಲ್ಲ, ಉಂಬಳವಿಲ್ಲ, ಒಣಗದ ಸಮವಸ್ತ್ರವಿಲ್ಲ. ಪಟ್ಟಿ ಏಳೆಂಟು ಸಾಲಿಗೆ ನಿಂತಿತು.

ಜಪಾನಿನ ಮಕ್ಕಳು ಏನು ಹಾಡುತ್ತಾರೆಂದು ಹುಡುಕಿ ಓದಿದೆ. ಅವರ ಶಿಕ್ಷಣ ಇಲಾಖೆ ಶಾಲೆಗಳಿಗಾಗಿಯೇ ಹಾಡು ಬರೆಸಿದ ಕಾಲವೊಂದಿತ್ತು. ಆಗ ತಕಾನೊ ತತ್ಸುಯುಕಿ ಬರೆದು ಒಕಾನೊ ತೇಯಿಚಿ ರಾಗ ಹಾಕಿದ ಹಾಡುಗಳು ಈಗಲೂ ಉಳಿದಿವೆ. ವಸಂತ ಬಂದದ್ದಕ್ಕೆ 1910ರದ್ದೊಂದು, ಎಲೆ ಕೆಂಪಾದದ್ದಕ್ಕೆ 1911ರದ್ದೊಂದು, ಹುಟ್ಟೂರಿನ ನೆನಪಿಗೆ 1914ರದ್ದೊಂದು. ‘ಚಾತ್ಸುಮಿ’ ಎಂಬ 1912ರ ಹಾಡು ಚಹಾ ಎಲೆ ಕೊಯ್ಯುವುದರ ಬಗ್ಗೆ. ಇಬ್ಬರು ಮಕ್ಕಳು ಎದುರುಬದುರು ಕೂತು ಅಂಗೈ ತಟ್ಟಿಕೊಳ್ಳುತ್ತ ಅದನ್ನು ಹಾಡುತ್ತಾರೆ. ಅದರಲ್ಲಿ 88ನೆಯ ರಾತ್ರಿಯ ಮಾತು ಬರುತ್ತದೆ. ಅವರ ಪಂಚಾಂಗದಲ್ಲಿ ವಸಂತ ಶುರುವಾಗುವುದು ಫೆಬ್ರವರಿ 4ರ ಸುಮಾರಿಗೆ. ಅಲ್ಲಿಂದ 88 ಎಣಿಸಿದರೆ ಮೇ 2ರ ಆಸುಪಾಸು. ಆಮೇಲೆ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಡುವ ಭಯ ಕಡಿಮೆ. ಎಲೆ ಕೀಳಲು ಹೊರಡಬಹುದು. ಕೈತಟ್ಟುವ ಆಟದೊಳಗೆ ಒಂದು ಕೃಷಿ ಪಂಚಾಂಗ!

ವಿಜ್ಞಾನದ ಮೇಷ್ಟ್ರಾದ ನನಗೆ ಇದು ಬಹಳ ಹಿಡಿಸಿತು. ಏಕೆಂದರೆ ಇಂಥದೇ ಒಂದು ಲೆಕ್ಕ ನಮ್ಮಲ್ಲೂ ಇದೆ. ಆಕಾಶದಲ್ಲಿ ಸೂರ್ಯನ ಒಂದು ವರ್ಷದ ದಾರಿಯನ್ನು ಜಪಾನೀಯರು 24 ಭಾಗ ಮಾಡಿ, ಒಂದೊಂದನ್ನೂ ಮತ್ತೆ ಮೂರಾಗಿ ಒಡೆದು, ಸುಮಾರು ಐದೈದು ದಿನಗಳ 72 ಕಿರುಋತುಗಳನ್ನು ಮಾಡಿಕೊಂಡಿದ್ದಾರೆ. ಇದು ಮೂಲತಃ ಚೀನಾದ್ದು. 1685ರಲ್ಲಿ ಶಿಬುಕಾವಾ ಶುಂಕಾಯಿ ಎಂಬ ಖಗೋಳಜ್ಞ ಹೊಸ ಪಂಚಾಂಗ ರೂಪಿಸಿದಾಗ ಇದನ್ನೂ ತನ್ನ ದೇಶದ ಹವೆಗೆ ಹೊಂದಿಸಿದ. ನಾವು ಅದೇ ದಾರಿಯನ್ನು 27 ನಕ್ಷತ್ರಗಳಿಗೆ ಹಂಚಿದ್ದೇವೆ. ಒಂದೊಂದಕ್ಕೆ 13 ಡಿಗ್ರಿ 20 ಮಿನಿಟು. ಸೂರ್ಯ ಅದನ್ನು ದಾಟಲು 13 ಅಥವಾ 14 ದಿನ. ಮೇ 25ರ ಹೊತ್ತಿಗೆ ರೋಹಿಣಿ ಮಳೆ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎಂಬ ಗಾದೆಯನ್ನು ನಮ್ಮ ಅಜ್ಜಿ ನನಗೆ ಬಡಿಸುತ್ತಲೇ ಹೇಳುತ್ತಿದ್ದಳು.

ಈಗ ನನ್ನ ಸ್ವಂತ ಕಥೆಯೊಂದನ್ನು ಹೇಳಬೇಕು. ಹೇಳಿಕೊಳ್ಳುವಂಥದ್ದಲ್ಲ.

1998, ಆರಿದ್ರಾ ಮಳೆ. ನನಗೆ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಬಿ.ಎಸ್ಸಿ., ಬಿ.ಎಡ್. ಎಂಬ ಹೊಸ ಹುರುಪು. ಪಾಠಗಳು ಹಿಂದೆ ಬಿದ್ದಿದ್ದವು, ತಪಾಸಣೆಗೆ ಮೇಲಿನವರು ಬರುವವರಿದ್ದರು. ತರಗತಿಗೆ ಹೋದರೆ ಗದ್ದಲವೋ ಗದ್ದಲ. ಅಂತ್ಯಾಕ್ಷರಿ ನಡೆದಿತ್ತು. ಒಬ್ಬ ಹುಡುಗ ಬೆಂಚಿನ ಮೇಲೆ ಹತ್ತಿ ನಿಂತು, ‘ಮಳೆಗಾಲದಲ್ಲಿ ಈ ಆಟ ಆಡ್ಲೇಬಾರ್ದು ಮಾರಾಯ್ರಾ, ಬರೀ ಳ ಬರ್ತದೆ! ಮಳೆ ಅಂದ್ರೂ ಳ, ಹೊಳೆ ಅಂದ್ರೂ ಳ, ಗಾಳಿ ಅಂದ್ರೂ ಳ. ಳದಿಂದ ಹಾಡು ಎಲ್ಲಿದೆ?’ ಎಂದು ವಾದ ಮಾಡುತ್ತಿದ್ದ. ಎದುರು ಪಾರ್ಟಿಯವರು ‘ಹತ್ತು, ಒಂಬತ್ತು, ಎಂಟು’ ಎಂದು ಎಣಿಸುತ್ತಿದ್ದರು. ಅವನು ಹಾಡು ಹುಡುಕುತ್ತ ಮಾಡು ನೋಡುತ್ತಿದ್ದ.

ನಾನು ಮೇಜಿಗೆ ಬೆತ್ತ ಬಡಿದೆ. ‘ಹಾಡು ಹೇಳಿದ್ರೆ ಅನ್ನ ಸಿಗ್ತದೇನೋ?’ ಎಂದು ಅವನನ್ನು ಪೂರಾ ಪೀರಿಯಡ್ಡು ಜಗಲಿಯಲ್ಲಿ ನಿಲ್ಲಿಸಿದೆ. ಎರಚಲು ಹೊಡೆದು ಅಂಗಿ ಒದ್ದೆಯಾಗಿತ್ತು. ಒಳಗೆ ಕರೆಯಲಿಲ್ಲ. ಮರುದಿನದಿಂದ ಅವನು ಒಂದು ವಾರ ಬರಲಿಲ್ಲ. ಜ್ವರವಂತೆ ಎಂದು ಯಾರೋ ಹೇಳಿದರು. ಬಂದ ಮೇಲೆ ತರಗತಿಯಲ್ಲಿ ಅವನು ಬಾಯಿ ಬಿಟ್ಟದ್ದು ನನಗೆ ನೆನಪಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವಿಷಯದಲ್ಲಿ ಫೇಲಾದ. ವಿಜ್ಞಾನ. ಏಳು ಅಂಕ ಸಾಲಲಿಲ್ಲ. ಮನೆಗೆ ಹೋಗಿ, ಸಪ್ಲಿಮೆಂಟರಿಗೆ ಕೂರಿಸಿ ಎಂದು ನಾಲ್ಕು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಹೋಗಲಿಲ್ಲ. ಅವನು ಸೋದರಮಾವನ ಜೊತೆ ಅಡಿಕೆ ಮರ ಹತ್ತಲು ಹೋದ.

ನಮ್ಮ ಮನೆಯ ಹಿಂದೆ ಒಂದಿಷ್ಟು ಅಡಿಕೆ ಗಿಡಗಳಿವೆ. ಹದಿನೈದು ವರ್ಷಗಳ ಹಿಂದೆ, ಮೊದಲಿನ ಕೊನೆಗಾರನಿಗೆ ವಯಸ್ಸಾಯಿತೆಂದು ಬೇರೊಬ್ಬನನ್ನು ಕರೆಸಿದೆ. ಬಂದವನು ಅವನೇ. ‘ನಮಸ್ಕಾರ ಸಾರ್’ ಎಂದ. ನನಗೆ ಕುಳಿತಲ್ಲಿಂದ ಏಳಲಾಗಲಿಲ್ಲ. ಅವನು ಏನೂ ನಡೆದಿಲ್ಲವೆಂಬಂತೆ, ‘ರೋಹಿಣೀಲಿ ಒಂದು ಸಲ ಔಷಧಿ ಹೊಡೆಯುವ, ಪುನರ್ವಸೂಲಿ ಬಿಸಿಲು ಬಿದ್ದ ದಿನ ನೋಡಿ ಇನ್ನೊಂದು ಸಲ’ ಎಂದು ಕೆಲಸದ ಮಾತಿಗಿಳಿದ.

ಔಷಧಿ ಎಂದರೆ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಹೊಡೆಯುವುದು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಂದಹಾಗೆ, ವಿದ್ಯಾರ್ಥಿಗಳೇ, ಕೊಳೆರೋಗ ಎಂಬುದು ನಮ್ಮ ತೋಟದ ಮಾತಷ್ಟೇ ಅಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ 1910ರಲ್ಲಿ ಪ್ರಬಂಧ ಪ್ರಕಟಿಸಿದಾಗ ಅದನ್ನು ‘ಕೊಳೆರೋಗ’ ಎಂದೇ ಕರೆದರು. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಬಿಡದ ಮಳೆಯಲ್ಲಿ ಕಾಯಿಂದ ಕಾಯಿಗೆ ಹರಡುತ್ತದೆ ಎಂದು ತೋರಿಸಿ, ಬೋರ್ಡೋ ದ್ರಾವಣ ಮಳೆಗೆ ತೊಳೆದು ಹೋಗದಂತೆ ಅದಕ್ಕೆ ಅಂಟು ಬೆರೆಸುವ ಉಪಾಯ ಮಾಡಿದವರು ಅವರು. ಇಂದಿಗೂ ಜಗತ್ತಿನ ಸಸ್ಯರೋಗ ಪುಸ್ತಕಗಳಲ್ಲಿ ಆ ಕನ್ನಡ ಪದ ಇದೆ. ಮಲೆನಾಡಿನ ಮಳೆಯ ಒಂದು ಮಾತು, ‘ಳ’ಕಾರ ಸಮೇತ, ಲೋಕದ ವಿಜ್ಞಾನಕ್ಕೆ ಸೇರಿದೆ.

ದ್ರಾವಣ ಕಲಸಿದ ಮೇಲೆ ಅವನು ಸೊಂಟದ ಕತ್ತಿ ತೆಗೆದು, ಉಜ್ಜಿ ಹೊಳಪು ಮಾಡಿ, ಪಾತ್ರೆಯೊಳಗೆ ಅದ್ದಿ ಹಿಡಿದ. ಸ್ವಲ್ಪ ಹೊತ್ತಿನ ಮೇಲೆ ಎತ್ತಿ ನೋಡಿದ. ಅಲುಗಿನ ಮೇಲೆ ಕೆಂಪು ಛಾಯೆ. ‘ಕತ್ತಿ ಕೆಂಪಾಯ್ತು ಸಾರ್, ಸುಣ್ಣ ಸಾಲದು. ಹಿಂಗೇ ಹೊಡೆದ್ರೆ ಕಾಯಿ ಸುಡ್ತದೆ’ ಎಂದು ಇನ್ನಷ್ಟು ಸುಣ್ಣದ ನೀರು ಸೇರಿಸಿದ. ಮತ್ತೆ ಅದ್ದಿದ. ಈ ಸಲ ಕತ್ತಿ ಬೆಳ್ಳಗೇ ಇತ್ತು.

ನಾನು ನಿಂತಲ್ಲೇ ನಿಂತೆ. ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳುತ್ತದೆ, ಮೊಳೆಯ ಮೇಲೆ ಕೆಂಪು ಲೇಪ ಕೂರುತ್ತದೆ. ಸ್ಥಾನಪಲ್ಲಟ ಕ್ರಿಯೆ. ಹತ್ತನೆಯ ತರಗತಿಯ ಪಾಠ. ಪ್ರತಿವರ್ಷ ಪ್ರನಾಳದಲ್ಲಿ ಮೊಳೆ ಇಟ್ಟು, ಸಮೀಕರಣ ಬರೆಸಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತ ಬಂದವನು ನಾನು. ನಾನು ವಿಜ್ಞಾನದಲ್ಲಿ ನಪಾಸು ಮಾಡಿ ಕಳಿಸಿದ ಹುಡುಗ ಅದೇ ಪ್ರಯೋಗವನ್ನು ವರ್ಷವರ್ಷವೂ ನೂರಾರು ತೋಟಗಳಲ್ಲಿ ಮಾಡುತ್ತಿದ್ದ; ತಪ್ಪಿದರೆ ಒಬ್ಬ ರೈತನ ವರ್ಷದ ಬೆಳೆಯೇ ಹೋಗುವಂಥ ಜಾಗದಲ್ಲಿ ನಿಂತು ಮಾಡುತ್ತಿದ್ದ.

ನಗೋಯಾದ ಫೋನು ಬಂದ ಮೇಲೆ ಮಳೆ ಹಾಡಿನ ಪಟ್ಟಿಯನ್ನು ಅವನ ಮುಂದಿಟ್ಟೆ. ನಕ್ಕ. ‘ಇದೆಂತ ಸಾರ್, ಬರೀ ಪಿಚ್ಚರಿಂದು. ನಟ್ಟಿ ಹಾಡು ಎಲ್ಲಿ? ಅಂಟಿಗೆ-ಪಂಟಿಗೆ ಎಲ್ಲಿ?’ ಎಂದ. ದೀಪಾವಳಿಯ ರಾತ್ರಿಗಳಲ್ಲಿ ಆರದ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರ ತಂಡದಲ್ಲಿ ಅವನೂ ಒಬ್ಬ. ಸ್ವಾತಿ, ವಿಶಾಖೆಯ ಹೊತ್ತಿಗೆ ಮಳೆ ಹಿಂದೆ ಸರಿದು, ಇಬ್ಬನಿ ಬೀಳತೊಡಗಿದ ಕಾಲದ ಹಾಡುಗಳವು. ಇಷ್ಟು ವರ್ಷ ನಮ್ಮ ಮನೆ ಬಾಗಿಲಿಗೂ ಬಂದಿದ್ದಾರೆ. ಹಣ, ಎಣ್ಣೆ ಕೊಟ್ಟು ಕಳಿಸಿದ್ದೇನೆ. ಹಾಡಿನ ಮಾತಿಗೆ ಕಿವಿ ಕೊಟ್ಟಿರಲಿಲ್ಲ. ಮುಂದಿನ ಮೂರು ಸಂಜೆ ಅವನು ಹೇಳುತ್ತ ಹೋದ, ನಾನು ಬರೆದುಕೊಂಡೆ.

ಹೇಳುತ್ತ ಹೇಳುತ್ತ ಅವನೇ ತಡೆದು ಒಮ್ಮೆ ಅಂದ: ‘ಈಗ ಹಾಡಿನ ಮಳೆಯೇ ಬೇರೆ, ಬೀಳೋ ಮಳೆಯೇ ಬೇರೆ ಸಾರ್.’ ಸುಳ್ಳಲ್ಲ. 2019ರಲ್ಲಿ ಆಶ್ಲೇಷ ಮಳೆ ಒಂದೇ ವಾರದಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳನ್ನೇ ಕುಸಿಯುವಂತೆ ಮಾಡಿತು. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು. ಮಘೆಯ ಗಾದೆ ಬಾಯಲ್ಲೇ ಉಳಿಯಿತು. ನಕ್ಷತ್ರದ ಲೆಕ್ಕ ತಪ್ಪಾಗಿದೆ ಎಂದು ಕೆಲವರು ಹೇಳುತ್ತಾರೆ. ಭೂಮಿಯ ಅಕ್ಷ ನಿಧಾನವಾಗಿ ಬುಗುರಿಯಂತೆ ಓಲಾಡುವುದರಿಂದ ನಮ್ಮ ನಕ್ಷತ್ರದ ತಾರೀಕುಗಳು ಋತುವಿನಿಂದ ಜಾರುವುದು ನಿಜ. ಆದರೆ ಅದು ಸುಮಾರು 70 ವರ್ಷಕ್ಕೆ ಒಂದು ದಿನ. ನನ್ನ ಕಣ್ಣೆದುರಿನ 30 ವರ್ಷದಲ್ಲಿ ಅರ್ಧ ದಿನವೂ ಜಾರಿಲ್ಲ. ಬದಲಾದದ್ದು ಪಂಚಾಂಗವಲ್ಲ, ಹವೆ.

ಜಪಾನಿನಲ್ಲೂ ಇದೇ ಪಾಡು. ಅಲ್ಲಿನ ಹವಾಮಾನ ಇಲಾಖೆ ಮೊದಲ ಮಿಂಚುಹುಳ ಎಂದು ಕಂಡಿತು, ಜೀರುಂಡೆ ಎಂದು ಕೂಗಿತು ಎಂದೆಲ್ಲ 57 ಬಗೆಯ ಗಿಡ, ಪ್ರಾಣಿಗಳನ್ನು ಗಮನಿಸಿ ದಾಖಲಿಸುತ್ತಿತ್ತು. 2021ರಿಂದ ಅದನ್ನು ಆರು ಗಿಡಗಳಿಗೆ ಇಳಿಸಿತು. ಊರುಗಳು ಬೆಳೆದು ವೀಕ್ಷಣಾಲಯಗಳ ಸುತ್ತ ನೋಡಲು ಆ ಜೀವಿಗಳೇ ಸಿಗುತ್ತಿಲ್ಲ ಎಂಬುದು ಒಂದು ಕಾರಣ. ಋತುಪದಗಳ ಕೋಶದಲ್ಲಿ ಪದ ಉಳಿಯುತ್ತದೆ. ಕೂಗುವ ಜೀರುಂಡೆ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಇದರ ತಿರುಗುಮುರುಗು. ಉಂಬಳ ಕಾಲಿಗೆ ಹತ್ತುತ್ತಲೇ ಇದೆ, ಮಕ್ಕಳ ಬಾಯಲ್ಲಿ ಅದರ ಹೆಸರು ‘ಲೀಚ್’. ಪದ ಹೋದರೇನು, ಪರೀಕ್ಷೆಗೆ ಬೇಕಾದ್ದು ಬಂತಲ್ಲ ಎನ್ನುವ ತಂದೆತಾಯಿಗಳಿಗೆ ನಾನು ಹೇಳುವುದು ಇಷ್ಟೆ: ಹೆಸರು ಗೊತ್ತಿದ್ದರೆ ಹುಡುಗ ಅದನ್ನು ನೋಡುತ್ತಾನೆ. ಮಳೆಗೆ ಹನ್ನೆರಡು ಹೆಸರಿದ್ದಾಗ ಹನ್ನೆರಡು ಸಲ ಮುಗಿಲು ನೋಡುತ್ತಿದ್ದೆವು. ಅದು ಈ ವರ್ಷ ಹೇಗೆ ಬದಲಾಯಿತೆಂದು ತಿಳಿಯುತ್ತಿತ್ತು. ಗಮನಿಸುವುದೇ ವಿಜ್ಞಾನದ ಮೊದಲ ಪಾಠ. ಅದನ್ನು ಹಾಡಿನಲ್ಲಿ, ಆಟದಲ್ಲಿ ಕಲಿತರೆ ಸಿಟ್ಟಾಗಬೇಡಿ. ನಾನು ಸಿಟ್ಟಾಗಿ ನೋಡಿದ್ದೇನೆ.

ಆ ವರ್ಷ ಪುಷ್ಯ ಮಳೆಯ ಒಂದು ಮಧ್ಯಾಹ್ನ ಎಂಟನೆಯ ತರಗತಿಯವರು ಅಂತ್ಯಾಕ್ಷರಿ ಎಂದಾಗ ನಾನು ಹೊಸ ನಿಯಮ ಹೇಳಿದೆ. ಹಾಡಿನಲ್ಲಿ ಋತುವಿನ ಒಂದು ಮಾತಿರಬೇಕು. ‘ಳ’ ಬಂದರೆ ‘ಲ’ ಮಾಡಿಕೊಳ್ಳುವಂತಿಲ್ಲ. ಹಾಡಿನ ಬದಲು ‘ಳ’ಕಾರದಲ್ಲಿ ಮುಗಿಯುವ, ಮಳೆಗಾಲಕ್ಕೆ ಸಂಬಂಧಪಟ್ಟ ಒಂದು ಪದ ಹೇಳಬೇಕು, ಅದೇನೆಂದೂ ವಿವರಿಸಬೇಕು. ಮಕ್ಕಳು ಹುರುಪಿನಿಂದ ಶುರುಮಾಡಿದರು. ಮಳೆ, ಹೊಳೆ, ಗಾಳಿ, ಚಳಿ, ಹಳ್ಳ, ಬೆಳೆ ಎಂದು ಐದು ನಿಮಿಷದಲ್ಲಿ ಮುಗಿಯಿತು. ಮತ್ತೆ ‘ಳ’ ಬಂತು. ಎಲ್ಲರೂ ಮಾಡು ನೋಡತೊಡಗಿದರು.

ಆಗ ಜಗಲಿಯಲ್ಲಿ ಯಾರೋ ನಿಂತದ್ದು ಕಾಣಿಸಿತು. ಅವನೇ. ಅವನ ಮಗಳು ಅದೇ ತರಗತಿಯಲ್ಲಿದ್ದಾಳೆ. ಕಾಲುಸಂಕದವರೆಗೆ ನೀರು ಬಂದಿದೆಯೆಂದು ಮಗಳನ್ನು ಕರೆದೊಯ್ಯಲು ಕೊಡೆ ಹಿಡಿದು ಬಂದಿದ್ದ. ಎರಚಲು ಹೊಡೆಯುತ್ತಿತ್ತು.

‘ಒಳಗೆ ಬಾ ಮಾರಾಯ’ ಎಂದೆ.

‘ಬ್ಯಾಡ ಸಾರ್, ಕಾಲೆಲ್ಲ ಕೆಸರು.’

‘ಬಾ’ ಎಂದು ಹೋಗಿ ಕೈ ಹಿಡಿದು ಕರೆತಂದೆ. ಕೊನೆಯ ಬೆಂಚಿನ ತುದಿಯಲ್ಲಿ ಕುಳಿತ. ಮಕ್ಕಳಿಗೆ, ‘ಇವರನ್ನು ಕೇಳಿ’ ಎಂದೆ. ಮೊದಲು ನಾಚಿದ. ಆಮೇಲೆ ಒಂದೊಂದಾಗಿ ಬಂದವು. ಕಂಬಳಿ. ಕೊಳೆ. ಕಳೆ. ಉಂಬಳ. ಹೊಳೆಯ ಸುಳಿ. ನೆರೆ ಇಳಿದ ಮೇಲೆ ಗದ್ದೆಯಲ್ಲಿ ಉಳಿಯುವ ಹೂಳು. ಅಡಿಕೆ ಮರದಿಂದ ಬೀಳುವ ಹಾಳೆ. ಅದರಲ್ಲಿ ಟೋಪಿ ಮಾಡುವುದು ಹೇಗೆಂದು ಕೈಯಲ್ಲೇ ಮಡಚಿ ತೋರಿಸಿದ. ಪ್ರತಿ ಪದಕ್ಕೂ ಮಕ್ಕಳಿಂದ ಒಂದೊಂದು ಪ್ರಶ್ನೆ. ಮಗಳು ಸುತ್ತ ಕೂತವರ ಮುಖವನ್ನೂ ಅಪ್ಪನ ಮುಖವನ್ನೂ ನೋಡುತ್ತಿದ್ದಳು. ಉಂಬಳ ಕಚ್ಚಿದರೆ ರಕ್ತ ಏಕೆ ನಿಲ್ಲುವುದಿಲ್ಲ ಎಂದು ಒಬ್ಬಳು ಕೇಳಿದಾಗ ಅವನು ನನ್ನ ಕಡೆ ಕೈ ತೋರಿಸಿದ. ಅದರ ಜೊಲ್ಲಿನ ಒಂದು ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ ಎಂದೆ. ಹೀಗೆ ಆ ಪೀರಿಯಡ್ಡನ್ನು ಇಬ್ಬರೂ ಸೇರಿ ಮಾಡಿದೆವು.

ಗಂಟೆ ಹೊಡೆಯಿತು. ಅಪ್ಪ, ಮಗಳು ಒಂದೇ ಕೊಡೆಯಡಿ ನಿಂತರು. ಅವಳ ಚೀಲವನ್ನು ಅವನು ಎದೆಗವಚಿಕೊಂಡಿದ್ದ. ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದ ಮಾತಿಗೆ ಇದೇ ಹೊತ್ತು ಎನ್ನಿಸಿ, ‘ಅವತ್ತು ಇದೇ ಜಗಲೀಲಿ...’ ಎಂದು ಶುರುಮಾಡಿದೆ. ಮುಂದಿನ ಮಾತು ಬರಲಿಲ್ಲ.

ಅವನು ನಕ್ಕ. ‘ಹೌದು ಸಾರ್, ನೆನಪುಂಟು. ನಂಗೆ ಅವತ್ತು ಳಕ್ಕೆ ಹಾಡೇ ಸಿಕ್ಕಿರ್ಲಿಲ್ಲ. ಎಣಿಸಿ ಮೂರಕ್ಕೆ ಬಂದಿದ್ರು. ನೀವು ಬರದೇ ಇದ್ದಿದ್ರೆ ಸೋತೇಬಿಡ್ತಿದ್ದೆ’ ಎಂದ.

ಮಳೆಯ ಸದ್ದಿನಲ್ಲಿ ಸರಿಯಾಗಿ ಕೇಳಿಸದವನ ಹಾಗೆ ನಾನು ನಿಂತುಕೊಂಡೆ. ಅವರು ಹೊಳೆಯ ಕಡೆ ಇಳಿದು ಹೋದರು.